ಪ್ರಿಆಂಪ್ ಆಮೇಲೆ, ಮೊದಲು ಫ್ಯಾನ್ ಆಫ್ ಮಾಡಿ

ಕೊಚ್ಚಿ, ತಿರುವನಂತಪುರದ ಕಡೆ ನೆಲೆಸಿರೋ ನಮ್ಮವರಲ್ಲಿ ಮನೆಯಲ್ಲೇ ಹಾಡು ರೆಕಾರ್ಡ್ ಮಾಡೋ ಹುಮ್ಮಸ್ಸು ಜೋರಾಗಿದೆ. ಒಳ್ಳೇದೇ. ಆದ್ರೆ ಎಲ್ಲರದ್ದೂ ಒಂದೇ ಪ್ರಶ್ನೆ: "ಯಾವ ಪ್ರಿಆಂಪ್ ತಗೊಳ್ಳೋಣ ಸಾರ್?" ನನ್ನ ಪ್ರಕಾರ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಪ್ರಿಆಂಪ್ ಮಾಡೋದು ಇಷ್ಟೇ: ಮೈಕ್‌ನಿಂದ ಬರೋ ಕೆಲವೇ ಮಿಲಿವೋಲ್ಟ್ ಸಿಗ್ನಲ್ಲನ್ನ ರೆಕಾರ್ಡ್ ಮಾಡೋ ಮಟ್ಟಕ್ಕೆ ದೊಡ್ಡದು ಮಾಡೋದು. ಇದು ಕಂಠ, ಇದು ಫ್ಯಾನು, ಇದು ಪಕ್ಕದ ಮನೆ ಮಿಕ್ಸಿ ಅಂತ ಅದಕ್ಕೆ ಭೇದ ಇಲ್ಲ, ಎಲ್ಲವನ್ನೂ ಸಮನಾಗಿ ಎತ್ತಿಕೊಡುತ್ತೆ! ಈಗ ಸಿಗೋ ಸಾಧಾರಣ ಯುಎಸ್‌ಬಿ ಇಂಟರ್‌ಫೇಸ್ ಒಳಗಿನ ಪ್ರಿಆಂಪ್ ಕೂಡ ನಮ್ಮ ಮನೆಗಳಿಗಿಂತ ಎಷ್ಟೋ ನಿಶ್ಶಬ್ದ.

ನಮ್ಮ ಮನೆಗಳಾದರೂ ಹೇಗಿವೆ? ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸು, ಸುತ್ತ ಬೋಳು ಗೋಡೆ. ಚಪ್ಪಾಳೆ ತಟ್ಟಿದ್ರೆ ಝಣ್ ಅನ್ನುತ್ತೆ. ಆ ಝಣಝಣವೇ ಹಾಡಿಗೂ ಅಂಟಿಕೊಳ್ಳೋದು, ಆಮೇಲೆ ತೆಗೆಯೋದು ಬಹಳ ಕಷ್ಟ. ಅದಕ್ಕೆ ಹಾಲ್ ಬಿಟ್ಟು ಬೆಡ್‌ರೂಮಿಗೆ ಹೋಗಿ. ಹಾಡುವವರ ಬೆನ್ನ ಹಿಂದೆ ಸೀರೆ ತುಂಬಿದ ಬೀರು ತೆರೆದಿಡಿ, ಇಲ್ಲಾಂದ್ರೆ ದಪ್ಪ ರಜಾಯಿ ನೇತುಹಾಕಿ. ಮೈಕ್ ನೋಡೋದು ಆ ಕಡೆಗೇ ತಾನೆ?

ಎರಡನೇದು ದೂರ. ಎರಡು ಗೇಣು ದೂರದ ಮೈಕನ್ನ ಒಂದು ಗೇಣಿಗೆ ತಂದರೆ ಕಂಠ ಸುಮಾರು 6 ಡೆಸಿಬಲ್ ಹೆಚ್ಚು ಸಿಗುತ್ತೆ. ಅಷ್ಟೇ ಗೇನ್ ಇಳಿಸಿದ್ರೆ ಕೋಣೆಯ ಗದ್ದಲವೂ ಅಷ್ಟೇ ಇಳಿಯುತ್ತೆ. ಪೈಸಾ ಖರ್ಚಿಲ್ಲ! ಪ, ಭ ಅನ್ನುವಾಗ ಗಾಳಿ ಬಡಿಯದ ಹಾಗೆ ಮೈಕನ್ನ ಸ್ವಲ್ಪ ಓರೆಗಿಡಿ. ಶ್ರುತಿಪೆಟ್ಟಿಗೆಯನ್ನ ಹೆಡ್‌ಫೋನಲ್ಲಿ ಕೇಳಿಸಿ.

ಮೂರನೇದು ಗೇನ್. "ಹಲೋ ಹಲೋ" ಅಂತ ಹೇಳಿಸಿ ಮಟ್ಟ ಹೊಂದಿಸಬೇಡಿ, ಹಾಡಿನಲ್ಲಿ ಅತಿ ಜೋರಾದ ಜಾಗ ಹಾಡಿಸಿ. 24 ಬಿಟ್‌ನಲ್ಲಿ ಆ ಜಾಗ ಮೈನಸ್ 12ರ ಹತ್ತಿರ ನಿಂತರೆ ಸಾಕು. ಬ್ಯಾಂಕಿನವನ ಮಾತಲ್ಲಿ ಹೇಳೋದಾದ್ರೆ, ತಾರಸ್ಥಾಯಿಗೆ ಹೋದಾಗ ಖಾತೆಯಲ್ಲಿ ಬ್ಯಾಲೆನ್ಸ್ ಇರಬೇಕು :-)

ಪ್ರಿಆಂಪ್‌ಗೆ ಬೆಲೆಯೇ ಇಲ್ಲ ಅಂತಲ್ಲ. ಇಲ್ಲಿನ ಮಳೆಗಾಲದ ತೇವಕ್ಕೆ ಕಂಡೆನ್ಸರ್ ಮೈಕ್ ಚಟಚಟ ಅನ್ನೋದುಂಟು, ಅದನ್ನ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಬೇಕು. 1966ರಿಂದ ಬರ್ತಿರೋ ಶೂರ್ ಎಸ್‌ಎಂ58 ಥರದ ಡೈನಮಿಕ್ ಮೈಕಿಗೆ 48 ವೋಲ್ಟೂ ಬೇಡ, ಅಷ್ಟು ನಾಜೂಕೂ ಅಲ್ಲ. ಆದ್ರೆ ಅದಕ್ಕೆ ಗೇನ್ ಜಾಸ್ತಿ ಬೇಕು. ಮೆಲುದನಿಯವರು ಹಾಡುವಾಗ ಒಳ್ಳೆ ಪ್ರಿಆಂಪಿನ ವ್ಯತ್ಯಾಸ ಕಾಣೋದು ಇಲ್ಲೇ.

"ಸ್ಟುಡಿಯೋದಲ್ಲೇ ಮಾಡಿಸೋಣ" ಅಂತ ಮುಂದೂಡುವವರೂ ಇದ್ದಾರೆ. ಫೋರ್ಟ್ ಕೊಚ್ಚಿಯಲ್ಲಿ ಹುಟ್ಟಿದ ಯೇಸುದಾಸ್ 1980ರಲ್ಲಿ ತಿರುವನಂತಪುರದಲ್ಲಿ ತರಂಗಿಣಿ ಕಟ್ಟಿದ್ದು ವೃತ್ತಿಯ ಹಾಡಿಗೆ. ನಮಗೆ ಬೇಕಿರೋದು ಅಷ್ಟು ದೊಡ್ಡದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ತಗಡಿನ ಕಹಳೆಯೊಳಕ್ಕೆ. ಆಗ ಮೈಕೂ ಇಲ್ಲ, ಪ್ರಿಆಂಪೂ ಇಲ್ಲ. ಆ ಕಂಠ ಇವತ್ತಿಗೂ ಕೇಳ್ತಿದೆ.

ನನ್ನ ಚಿಂತೆ ಇರೋದು ಬೇರೆ. ನಾವು ರೆಕಾರ್ಡ್ ಮಾಡ್ತಿರೋದು ಯಾರ ಕಂಠ? ಮಕ್ಕಳ ಕರೋಕೆ. ಒಳಗೆ ಕೂತಿರೋ ಅಜ್ಜಿಗೆ ಹಸೆಗೆ ಕರೆಯೋ ಹಾಡು, ಆರತಿ ಹಾಡು, ಬೀಗರನ್ನ ಹಂಗಿಸೋ ಹಾಡು ಬರುತ್ತೆ. ಎಷ್ಟೋ ಹಾಡು ಯಾವ ಪುಸ್ತಕದಲ್ಲೂ ಇಲ್ಲ. ಊರು ಬಿಟ್ಟು ಬಂದ ನಮಗೆ ಅದನ್ನ ಪಕ್ಕದ ಮನೆಯವರೂ ಹೇಳಿಕೊಡಲಾರರು. ನಮ್ಮ ಮೊಮ್ಮಕ್ಕಳು ಮಲಯಾಳದಲ್ಲೇ ಜಗಳ ಆಡ್ತಾರೆ, ಅದು ತಪ್ಪಲ್ಲ. ಆದ್ರೆ ಅಜ್ಜಿ ಹೇಗೆ ಹಾಡ್ತಿದ್ದರು ಅಂತ ಮುಂದೆ ಕೇಳಿದ್ರೆ ಏನು ಕೊಡ್ತೀವಿ?

ಒಳ್ಳೆ ಪ್ರಿಆಂಪ್ ಮುಂದಿನ ವರ್ಷವೂ ಅಂಗಡಿಯಲ್ಲಿರುತ್ತೆ. ಎಂಬತ್ತು ದಾಟಿದ ಕಂಠಕ್ಕೆ ಆ ಭರವಸೆ ಇಲ್ಲ. ಈ ಭಾನುವಾರ ಬೆಳಿಗ್ಗೆ ಫ್ಯಾನ್ ಆರಿಸಿ, ಇರೋ ಮೈಕನ್ನೇ ಒಂದು ಗೇಣು ದೂರ ಇಟ್ಟು ಅವರನ್ನ ಹಾಡಿಸಿ. ಮೊದಲು ಹೆಸರು, ಊರು, ಯಾವ ಸಂದರ್ಭದ ಹಾಡು ಅಂತ ಅವರ ಬಾಯಲ್ಲೇ ಹೇಳಿಸಿ. ವೇವ್ ಫೈಲಲ್ಲಿ ಉಳಿಸಿ, ಎರಡು ಕಡೆ ಇಡಿ. ಆಮೇಲೆ ಪ್ರಿಆಂಪ್ ವಿಷಯ ಮಾತಾಡೋಣ, ಏನಂತೀರಿ?