ಕೈಬಿಟ್ಟರೂ ವಾಲುವ ವಿಮಾನ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ತಂಗಿಯ ಮಗನು ನಮ್ಮ ಮನೆಗೆ ಬಂದಾಗ, ತನ್ನ ಬಟ್ಟೆಬರೆಗಳಿಗಿಲ್ಲದ ಜೋಪಾನದಿಂದ ಟವೆಲಿನಲ್ಲಿ ಸುತ್ತಿ ತಂದಿದ್ದ ವಸ್ತುವೆಂದರೆ ಒಂದು ಜಾಯ್‌ಸ್ಟಿಕ್. ಕಂಪ್ಯೂಟರಿನ ಮುಂದೆ ಕುಳಿತು ವಿಮಾನವನ್ನು ಹಾರಿಸುವ ಆಟದಲ್ಲಿ ಆತನಿಗಿರುವುದು ಆಸಕ್ತಿಯಲ್ಲ, ವ್ರತನಿಷ್ಠೆ. ಆದರೆ ಬಂದ ಮೂರನೆಯ ದಿನಕ್ಕೇ ಹುಡುಗನ ಮುಖ ಬಾಡಿತು. ರನ್‌ವೇಯ ಮೇಲೆ ಎಂಜಿನ್ನಿಗೆ ಪೂರ್ಣ ಶಕ್ತಿಯನ್ನು ಕೊಟ್ಟೊಡನೆಯೇ ವಿಮಾನವು ಎಡಕ್ಕೆ ಎಳೆಯುತ್ತಿತ್ತು; ಹೇಗೋ ಮೇಲಕ್ಕೇರಿಸಿ, ಇನ್ನು ನೆಟ್ಟಗೆ ಹೋಗಲಿ ಎಂದು ಕೈಯನ್ನು ತೆಗೆದರೆ, ಆಗಲೂ ಎಡಗಡೆಗೇ ಮೆಲ್ಲಮೆಲ್ಲನೆ ವಾಲಿ, ಕಡೆಗೆ ಯಾರದೋ ಹೊಲದಲ್ಲಿ ಮೂಗೂರಿ ಬೀಳುತ್ತಿತ್ತು. ಆತನು ಆಟವನ್ನು ಸಮೂಲವಾಗಿ ಅಳಿಸಿ, ಎರಡು ರಾತ್ರಿ ಕಾದು ಇಂಟರ್‌ನೆಟ್ಟಿನಿಂದ ಪುನಃ ಇಳಿಸಿಕೊಂಡನು. ವಿಮಾನವು ಮುನ್ನಿನಂತೆಯೇ ವಾಲಿತು. "ಮಾವ, ಇದು ಕೆಟ್ಟುಹೋಯ್ತು, ಹೊಸದು ಕೊಡ್ಸಿ" ಎಂದನು.

"ಕೆಟ್ಟುಹೋಯಿತು" ಎಂಬುದು ಈಗ ಮನೆಮನೆಯಲ್ಲಿಯೂ ದಿನಕ್ಕೆ ಹತ್ತು ಬಾರಿ ಹೊರಬೀಳುವ ತೀರ್ಪು. ವಿಚಾರಣೆಯಿಲ್ಲದೆ, ಸಾಕ್ಷಿಯಿಲ್ಲದೆ, ಆರೋಪಿಯ ಮಾತನ್ನು ಒಂದಿಷ್ಟೂ ಕೇಳದೆ ಹೊರಬೀಳುವ ತೀರ್ಪು. ಹಿಂದಿನವರು ಈ ಮಾತನ್ನು ಆಡುತ್ತಿರಲಿಲ್ಲವೆಂದಲ್ಲ. ಆದರೆ ಗಡಿಯಾರದ ಅಂಗಡಿಯವನಾಗಲಿ ರೇಡಿಯೋ ರಿಪೇರಿಯವನಾಗಲಿ ಅದನ್ನು ಕೇಳಿದ ಕೂಡಲೇ ಕನ್ನಡಕವನ್ನು ಹಣೆಯ ಮೇಲಿಂದ ಮೂಗಿಗೆ ಇಳಿಸಿಕೊಂಡು, "ಎಲ್ಲಿ ಕೆಟ್ಟಿದೆ, ನೋಡೋಣ" ಎನ್ನುತ್ತಿದ್ದನು. ಆ "ಎಲ್ಲಿ" ಎಂಬ ಎರಡಕ್ಷರವನ್ನು ನಾವು ಮರೆಯುತ್ತಿದ್ದೇವೆಂಬುದೇ ಈ ಲೇಖನದ ದೂರು.

ಆಟದ ಸಾಮಾನಿನ ಮಾತಿಗೆ ಪತ್ರಿಕೆಯಲ್ಲಿ ಇಷ್ಟು ಸ್ಥಳವೇ ಎಂದು ಹುಬ್ಬೇರಿಸುವ ಹಿರಿಯರಿಗೆ ಒಂದು ನಿವೇದನೆ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನು 1929ರಲ್ಲಿ, ತನ್ನ ತಂದೆಯ ಕಾರ್ಖಾನೆಯಲ್ಲಿ ಆರ್ಗನ್ ವಾದ್ಯಗಳಿಗೆ ಬಳಸುತ್ತಿದ್ದ ಗಾಳಿಯ ತಿದಿಗಳನ್ನೇ ಅಳವಡಿಸಿ, ನೆಲದ ಮೇಲೆ ಕುಳಿತು ಹಾರುವುದನ್ನು ಕಲಿಸುವ ಪೆಟ್ಟಿಗೆಯೊಂದನ್ನು ರೂಪಿಸಿದಾಗ, ಜನರು ಮೊದಮೊದಲು ಅದನ್ನು ವಿನೋದೋದ್ಯಾನಗಳ ಆಟಿಕೆಯೆಂದೇ ಎಣಿಸಿದರು. ಎರಡನೆಯ ಮಹಾಯುದ್ಧದ ವೇಳೆಗೆ ಲಕ್ಷಾಂತರ ಮಂದಿ ವಿಮಾನಚಾಲಕರು ಅದರೊಳಗೆ ಕುಳಿತು, ಮೋಡದ ನಡುವೆ ಕಣ್ಣು ಕಾಣದಲ್ಲಿ ಉಪಕರಣಗಳನ್ನು ನಂಬಿ ಹಾರುವುದನ್ನು ಅಭ್ಯಾಸಮಾಡಿದರು. ಬ್ರೂಸ್ ಆರ್ಟ್‌ವಿಕ್ 1979ರಲ್ಲಿ ಆಪಲ್ 2 ಗಣಕಕ್ಕಾಗಿ ರಚಿಸಿದ ಫ್ಲೈಟ್ ಸಿಮ್ಯುಲೇಟರು 1982ರಲ್ಲಿ ಮೈಕ್ರೋಸಾಫ್ಟ್ ಹೆಸರಿನಲ್ಲಿ ಐ.ಬಿ.ಎಂ. ಪಿ.ಸಿ.ಗೆ ಬಂದು, ಆ ವಿದ್ಯೆಯ ಒಂದಂಶವನ್ನು ಮನೆಯ ಮೇಜಿಗೆ ತಂದಿತು. ನಮ್ಮ ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲ ಬಾರಿಗೆ ನೆಲವನ್ನು ಬಿಟ್ಟ, ಮುಂದೆ ತೇಜಸ್ ಎಂಬ ಹೆಸರನ್ನು ಪಡೆದ ಲಘು ಯುದ್ಧವಿಮಾನವೂ ಆಕಾಶಕ್ಕೇರುವ ಮುನ್ನ ಸಿಮ್ಯುಲೇಟರುಗಳಲ್ಲಿ ಎಷ್ಟೋ ಸಲ ಹಾರಿತ್ತು. ಆದುದರಿಂದ ಹುಡುಗನ ಮೇಜಿನ ಮೇಲಿದ್ದ ಜಾಯ್‌ಸ್ಟಿಕ್ ಎಂಬ ದಂಡವು ಆಟಿಕೆಯಾದರೂ ಒಳ್ಳೆಯ ವಂಶದ ಆಟಿಕೆ.

ಇನ್ನು, ಕೈಗೂ ರೆಕ್ಕೆಗೂ ನಡುವಣ ದಾರಿಯನ್ನು ಅರಿಯದೆ "ಎಲ್ಲಿ" ಎಂದು ಕೇಳಲು ಬರುವುದಿಲ್ಲ. ದಂಡವನ್ನು ಬಾಗಿಸಿದಾಗ ಅದರ ಬುಡದಲ್ಲಿ, ಹಳೆಯ ರೇಡಿಯೋದ ಧ್ವನಿಯನ್ನು ಏರಿಳಿಸುವ ತಿರುಗಣೆಯೊಳಗೆ ಇದ್ದಂಥದೇ ಆದ ಒಂದು ಪೊಟೆನ್ಶಿಯೋಮೀಟರ್ ತಿರುಗುತ್ತದೆ. ಅದರ ಇಂಗಾಲದ ಪಟ್ಟಿಯ ಮೇಲೆ ಸಣ್ಣದೊಂದು ಲೋಹದ ನಾಲಗೆಯು ಸರಿದಂತೆ ವಿದ್ಯುತ್ತಿನ ವೋಲ್ಟೇಜು ಹೆಚ್ಚುಕಡಮೆಯಾಗುತ್ತದೆ; ಆ ವೋಲ್ಟೇಜನ್ನು ಒಂದು ಚಿಪ್ ಅಂಕಿಯಾಗಿ ಪರಿವರ್ತಿಸುತ್ತದೆ, 8 ಬಿಟ್ಟಿನದಾದರೆ 256 ಮೆಟ್ಟಿಲುಗಳಲ್ಲಿ, 10 ಬಿಟ್ಟಿನದಾದರೆ 1024 ಮೆಟ್ಟಿಲುಗಳಲ್ಲಿ; ಆ ಅಂಕಿಯು ಯು.ಎಸ್.ಬಿ. ಕೇಬಲಿನಲ್ಲಿ ಹರಿದು, ಆಪರೇಟಿಂಗ್ ಸಿಸ್ಟಮ್ಮಿನ ಕೈಯಿಂದ ಆಟದ ಕೈಗೆ ಸೇರಿ, ಅಲ್ಲಿ ಕಡೆಗೆ ರೆಕ್ಕೆಯ ಅಂಚಿನ ಐಲೆರಾನನ್ನು ಅಲುಗಿಸುತ್ತದೆ. ನಿಜವಾದ ತೇಜಸ್ಸಿನಲ್ಲಿ ಚಾಲಕನ ಅಪ್ಪಣೆಯು ನಾಲ್ಕು ಪ್ರತ್ಯೇಕ ಮಾರ್ಗಗಳಲ್ಲಿ ಹೋಗುವುದರಿಂದ, ಒಂದು ಮಾರ್ಗವು ಅಸಂಬದ್ಧವಾಗಿ ನುಡಿದರೆ ಉಳಿದವು ಅದನ್ನು ತಳ್ಳಿಹಾಕುವ ವ್ಯವಸ್ಥೆಯುಂಟು. ನಮ್ಮ ಆಟದ ದಂಡಕ್ಕಾದರೋ ಇರುವುದು ಒಂದೇ ಸಾಕ್ಷಿ. ಅದು ಸುಳ್ಳಾಡಿದರೆ ಆಟವು ಸುಳ್ಳನ್ನೇ ಸತ್ಯವೆಂದು ನಂಬಿ ವಿಮಾನವನ್ನು ವಾಲಿಸುತ್ತದೆ. ಆದಕಾರಣ ಪಾಟೀಸವಾಲಿನ ಭಾರವೆಲ್ಲ ಆಟಗಾರನ ಮೇಲೆಯೇ ಬೀಳುತ್ತದೆ. ಮತ್ತು ಪಾಟೀಸವಾಲಿನ ಮೊದಲ ನಿಯಮವೆಂದರೆ ಒಂದು ಸಲಕ್ಕೆ ಒಂದೇ ಪ್ರಶ್ನೆಯನ್ನು ಕೇಳತಕ್ಕದ್ದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸತಕ್ಕದ್ದು.

ನಾವು ಕೇಳಿದ ಮೊದಲನೆಯ ಪ್ರಶ್ನೆ, ಇದು ದೋಷವೇ ಅಲ್ಲವೇ ಎಂಬುದು. ಹುಡುಗನು ಹಾರಿಸುತ್ತಿದ್ದುದು ಸೆಸ್ನಾ 172 ಎಂಬ ಒಂಟಿ ಎಂಜಿನ್ನಿನ ವಿಮಾನ. ಅದರ ಪ್ರೊಪೆಲ್ಲರು ಚಾಲಕನ ಆಸನದಿಂದ ನೋಡಿದರೆ ಪ್ರದಕ್ಷಿಣವಾಗಿ ಸುತ್ತುತ್ತದೆ. ಅದರ ಪ್ರತಿಕ್ರಿಯೆಯಾಗಿ ವಿಮಾನದ ಒಡಲು ಎಡಕ್ಕೆ ಮಗ್ಗುಲಾಗಬಯಸುತ್ತದೆ. ಪ್ರೊಪೆಲ್ಲರು ಹಿಂದಕ್ಕೆ ಸುರುಳಿಯಾಗಿ ಬೀಸುವ ಗಾಳಿಯು ಬಾಲದ ನಿಲುಹಲಗೆಯ ಎಡಮೈಯನ್ನು ತಳ್ಳುವುದರಿಂದ ಮೂಗು ಎಡಕ್ಕೆ ಹೊರಳುತ್ತದೆ. ನಿಜವಾದ ಚಾಲಕನು ಇದಕ್ಕಾಗಿಯೇ ನೆಲದ ಓಟದಲ್ಲಿ ಬಲಗಾಲಿನಿಂದ, ಬಾಲದ ಚುಕ್ಕಾಣಿಯಾದ ರಡ್ಡರಿನ ಪೆಡಲನ್ನು ಒತ್ತಿಕೊಂಡಿರುತ್ತಾನೆ. ಹಾಗಾದರೆ ರನ್‌ವೇಯ ಮೇಲಿನ ಎಳೆತವು ಯಂತ್ರದ ಕೇಡೋ, ಪ್ರಕೃತಿಯ ನ್ಯಾಯವೋ? ಇದನ್ನು ಬೇರ್ಪಡಿಸಲು, ಪ್ರೊಪೆಲ್ಲರೇ ಇಲ್ಲದ ಗ್ಲೈಡರೊಂದನ್ನು ಆರಿಸಿ ಹಾರಿಸೆಂದು ಹೇಳಿದೆನು. ಗ್ಲೈಡರು ಕೂಡ ಆಕಾಶದಲ್ಲಿ ಕೈ ತೆಗೆದೊಡನೆ ಎಡಕ್ಕೆ ವಾಲಿತು. ಹುಡುಗನು ಒಂದೆಂದು ಭಾವಿಸಿದ್ದ ರೋಗವು ವಾಸ್ತವವಾಗಿ ಎರಡಾಗಿತ್ತು: ನೆಲದ ಮೇಲಿನದು ಬಹುಶಃ ಸತ್ಯ, ಆಕಾಶದಲ್ಲಿನದು ಬಹುಶಃ ಸುಳ್ಳು. ಎರಡೂ ಒಂದೇ ದಿಕ್ಕಿಗೆ ಎಳೆಯುತ್ತಿದ್ದುದರಿಂದ ಒಂದರ ಮರೆಯಲ್ಲಿ ಇನ್ನೊಂದು ಅಡಗಿತ್ತು.

ಎರಡನೆಯ ಪ್ರಶ್ನೆ, ಸುಳ್ಳು ಹುಟ್ಟುವುದು ಆಟದ ಒಳಗೋ ಹೊರಗೋ ಎಂಬುದು. ಹಲವರು ಆಟದೊಳಗಿನ ಸೆಟ್ಟಿಂಗುಗಳಲ್ಲಿಯೇ ದಿನಗಳನ್ನು ಕಳೆಯುತ್ತಾರೆ; ಆಟದ ಹೊಸಿಲನ್ನು ದಾಟಿ ಹೊರಗೆ ಬಂದು ನೋಡುವುದಿಲ್ಲ. ವಿಂಡೋಸಿನಲ್ಲಿ ಜಾಯ್ ಡಾಟ್ ಸಿಪಿಎಲ್ ಎಂದು ಟೈಪು ಮಾಡಿ, ತೆರೆಯುವ ಪಟ್ಟಿಯಲ್ಲಿ ದಂಡವನ್ನು ಆರಿಸಿ ಪ್ರಾಪರ್ಟೀಸ್ ಒತ್ತಿದರೆ ಬರುವ ಪುಟ್ಟ ಕಿಟಕಿಯೊಳಗೆ ಒಂದು ಚೌಕವೂ ಅದರ ನಡುವೆ ಒಂದು ಕೂಡುಗುರುತೂ ಕಾಣುತ್ತವೆ. ದಂಡವನ್ನು ಮುಟ್ಟದಿದ್ದಾಗ ಆ ಗುರುತು ಚೌಕದ ನಡುವೆ ನಿಶ್ಚಲವಾಗಿ ನಿಲ್ಲಬೇಕು. ನಿಂತರೆ ದಂಡವು ನಿರಪರಾಧಿ, ಆಟವನ್ನೇ ವಿಚಾರಿಸಬೇಕು. ನಿಲ್ಲದಿದ್ದರೆ ಆಟವು ನಿರಪರಾಧಿ. ನಮ್ಮಲ್ಲಿ ಆ ಗುರುತು ನಡುವಿನಿಂದ ಎಡಕ್ಕೆ ಸರಿದು, ಗಾಳಿಗೆ ಸಿಕ್ಕ ದೀಪದ ಕುಡಿಯಂತೆ ಅದುರುತ್ತಿತ್ತು. ಎರಡು ರಾತ್ರಿಗಳ ಡೌನ್‌ಲೋಡು ವ್ಯರ್ಥವೆಂಬುದು ಎರಡು ನಿಮಿಷದಲ್ಲಿ ಸಿದ್ಧವಾಯಿತು. ನಡುವಣ ಯು.ಎಸ್.ಬಿ. ಹಬ್ಬನ್ನು ಬಿಟ್ಟು ಕಂಪ್ಯೂಟರಿನ ಪೋರ್ಟಿಗೇ ನೇರವಾಗಿ ಸಿಕ್ಕಿಸಿ ನೋಡಿದೆವು. ಪಕ್ಕದ ಮನೆಯ ಲ್ಯಾಪ್‌ಟಾಪಿಗೂ ಒಯ್ದು ನೋಡಿದೆವು. ಅದುರು ಹಾಗೆಯೇ ಇತ್ತು. ಕೇಡು ದಂಡದ ಹೊಟ್ಟೆಯಲ್ಲಿಯೇ ಎಂಬುದು ನಿಶ್ಚಯವಾಯಿತು.

ಆಟದೊಳಗೇ ಕೇಡು ಇರುವುದೂ ವಿರಳವೇನಲ್ಲ. ಜಾಯ್‌ಸ್ಟಿಕ್, ಪೆಡಲು, ಗೇಮ್‌ಪ್ಯಾಡು ಎಲ್ಲವನ್ನೂ ಒಟ್ಟಿಗೆ ಸಿಕ್ಕಿಸಿದಾಗ, ಒಂದೇ ರಡ್ಡರಿಗೆ ಇಬ್ಬರು ಯಜಮಾನರಾಗಿ ವಿಮಾನವು ಕಾರಣವಿಲ್ಲದೆ ತಡವರಿಸುವುದುಂಟು. ಇದು ಆಟದ ಜಗಲಿಯಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ರಿಯೋದಿಂದ ಪ್ಯಾರಿಸ್ಸಿಗೆ ಹೊರಟು 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದಲ್ಲಿ ಬಿದ್ದು 228 ಮಂದಿಯ ಪ್ರಾಣವನ್ನು ಕಳೆದ ಏರ್ ಫ್ರಾನ್ಸ್ 447ರ ದುರಂತಕ್ಕೆ ಕಾರಣಗಳು ಹಲವು. ಆದರೆ ಆ ಬಗೆಯ ವಿಮಾನದಲ್ಲಿ ಇಬ್ಬರು ಚಾಲಕರ ಸೈಡ್‌ಸ್ಟಿಕ್ಕುಗಳು ಒಂದಕ್ಕೊಂದು ಜೋಡಿಸಿಕೊಂಡು ಅಲುಗುವುದಿಲ್ಲವೆಂಬುದೂ, ಇಬ್ಬರೂ ಏಕಕಾಲದಲ್ಲಿ ಅಲುಗಿಸಿದರೆ ಎರಡು ಅಪ್ಪಣೆಗಳೂ ಕೂಡಿಹೋಗುತ್ತವೆಂಬುದೂ ಅದರ ತರುವಾಯ ಜಗತ್ತಿನಾದ್ಯಂತ ಚರ್ಚೆಗೆ ಬಂದವು. ಯಾವ ಕೈ ಏನನ್ನು ಹೇಳುತ್ತಿದೆಯೆಂಬುದು ಕಾಣುವಂತಿರಬೇಕೆಂಬ ತತ್ತ್ವವು ಆಟಕ್ಕೂ ನಿಜಕ್ಕೂ ಸಮಾನವಾದುದು.

ಇಷ್ಟಾದ ಮೇಲೂ, ತಿಳಿದವರೆನ್ನಿಸಿಕೊಂಡವರು ಎರಡು ಸುಲಭೋಪಾಯಗಳನ್ನು ಸೂಚಿಸದೆ ಇರುವುದಿಲ್ಲ. ಒಂದು, ಕ್ಯಾಲಿಬ್ರೇಷನ್, ಎಂದರೆ ದಂಡದ ನಡುವೂ ಕೊನೆಗಳೂ ಎಲ್ಲಿವೆಯೆಂದು ಕಂಪ್ಯೂಟರಿಗೆ ಹೊಸದಾಗಿ ಅಳೆದು ತಿಳಿಸುವುದು. 1981ರ ಐ.ಬಿ.ಎಂ. ಪಿ.ಸಿ.ಯ ಗೇಮ್ ಕಾರ್ಡಿನಲ್ಲಿ ದಂಡದ ಸ್ಥಾನವನ್ನು ನೇರವಾಗಿ ಅಂಕಿಯಾಗಿಸುವ ಏರ್ಪಾಡೇ ಇರಲಿಲ್ಲ. ದಂಡದ ರೋಧದ ಮೂಲಕ ಒಂದು ಕೆಪ್ಯಾಸಿಟರು ತುಂಬಲು ಹಿಡಿಯುವ ಕಾಲವನ್ನು, ಹೆಚ್ಚೆಂದರೆ ಸುಮಾರು 1.1 ಮಿಲಿಸೆಕೆಂಡನ್ನು, ಪ್ರೋಗ್ರಾಮೇ ಎಣಿಸಿ ತಿಳಿಯಬೇಕಾಗಿತ್ತು. ಕಂಪ್ಯೂಟರು ಚುರುಕಾದರೆ ಎಣಿಕೆಯೂ ಬದಲಾಗುತ್ತಿತ್ತು, ಕಾರ್ಡು ಕಾದರೆ ಮಧ್ಯಬಿಂದುವೂ ಕದಲುತ್ತಿತ್ತು. ಆಗ ಕ್ಯಾಲಿಬ್ರೇಷನ್ ನಿತ್ಯಕರ್ಮವಾಗಿದ್ದುದು ಯುಕ್ತವೇ. ಯು.ಎಸ್.ಬಿ. ಬಂದ ಮೇಲೆ ಆ ಎಣಿಕೆಯ ಕೆಲಸವು ದಂಡದೊಳಗಿನ ಚಿಪ್ಪಿಗೆ ಸೇರಿತು; ಆದರೆ ಎಲ್ಲ ಜ್ವರಕ್ಕೂ ಅದೇ ಕಷಾಯವೆಂಬ ರೂಢಿ ಮಾತ್ರ ಉಳಿದುಕೊಂಡಿತು. ಅದುರುವ ದಂಡವನ್ನು ಕ್ಯಾಲಿಬ್ರೇಟ್ ಮಾಡುವುದೆಂದರೆ, ಅದು ಆ ಕ್ಷಣದಲ್ಲಿ ಆಡಿದ ಸುಳ್ಳನ್ನು ಮುಂದಿನ ಮಾತಿಗೆಲ್ಲ ಅಳತೆಗೋಲಾಗಿ ಸ್ವೀಕರಿಸುವುದು, ಅಷ್ಟೆ.

ಇನ್ನೊಂದು, ಡೆಡ್‌ಝೋನ್. ನಡುವಿನ ಸುತ್ತ ಒಂದಷ್ಟು ಜಾಗದಲ್ಲಿ ದಂಡವು ಏನನ್ನು ಹೇಳಿದರೂ ಕೇಳಿಸಿಕೊಳ್ಳಬೇಡವೆಂದು ಆಟಕ್ಕೆ ಕಟ್ಟುಮಾಡುವುದೇ ಇದರ ಕ್ರಮ. ಅತ್ಯಲ್ಪವಾಗಿ ಇಟ್ಟುಕೊಂಡರೆ ಇದು ಉಪಕಾರಿಯೇ ಸರಿ, ಏಕೆಂದರೆ ಯಾವ ಯಂತ್ರವೂ ಸಂಪೂರ್ಣವಾಗಿ ನಿಶ್ಚಲವಲ್ಲ. ಆದರೆ ಅದುರು ಬೆಳೆದಂತೆಲ್ಲ ಕಿವುಡನ್ನೂ ಬೆಳೆಸುತ್ತ ಹೋದರೆ, ವಿಮಾನವನ್ನು ನೆಲಕ್ಕಿಳಿಸುವಾಗ ಅತ್ಯಗತ್ಯವಾದ ನವಿರಾದ ಚಲನೆಗಳು ಆ ಕಿವುಡಿನಲ್ಲಿಯೇ ಲಯವಾಗುತ್ತವೆ. ಸುಳ್ಳನ್ನು ಕೇಳದಿರಲೆಂದು ಕಿವಿಯನ್ನು ಮುಚ್ಚಿಕೊಂಡವನಿಗೆ ನಿಜವೂ ಕೇಳಿಸದು. ದೋಷವನ್ನು ಕಾಣದಂತೆ ಮಾಡುವುದು ಬೇರೆ, ದೋಷವನ್ನು ಕಳೆಯುವುದು ಬೇರೆ.

ಕಡೆಗೆ ಬುಡದ ತಿರುಪುಗಳನ್ನು ಬಿಚ್ಚಿದೆವು. ವಾರಂಟಿಯ ಅವಧಿ ಎಂದೋ ಮುಗಿದಿತ್ತು. ಮುಗಿಯದಿದ್ದಲ್ಲಿ ಬಿಚ್ಚದೆ ಅಂಗಡಿಗೆ ಒಯ್ಯುವುದೇ ವಿವೇಕ. ಎಡಬಲದ ಚಲನೆಯನ್ನು ಅಳೆಯುವ ಪೊಟೆನ್ಶಿಯೋಮೀಟರಿನ ಇಂಗಾಲದ ಪಟ್ಟಿಯು ಸರಿಯಾಗಿ ನಡುವಿನಲ್ಲಿಯೇ ಸವೆದಿತ್ತು. ಅದು ಸಹಜ, ಏಕೆಂದರೆ ಲೋಹದ ನಾಲಗೆಯು ಅತ್ಯಂತ ಹೆಚ್ಚಾಗಿ ಓಡಾಡುವುದು ಆ ನಡುವಿನಲ್ಲಿಯೇ. ಕಾಂಟ್ಯಾಕ್ಟ್ ಕ್ಲೀನರನ್ನು ಸಿಂಪಡಿಸಿದ್ದರಿಂದ ಎರಡು ದಿನ ಗುಣ ಕಂಡು ಮೂರನೆಯ ದಿನ ಅದುರು ಮರಳಿತು. ಧೂಳು ಮಾತ್ರವಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಿನ ಅಂಗಡಿಯೊಂದರಲ್ಲಿ, ಹೋಟೆಲಿನ ಒಂದು ಊಟಕ್ಕಿಂತ ಕಡಮೆ ಬೆಲೆಗೆ ಅಂಥದೇ ಹೊಸ ಪೊಟೆನ್ಶಿಯೋಮೀಟರು ಸಿಕ್ಕಿತು. ಕಾಂತಕ್ಷೇತ್ರವನ್ನು ಅಳೆಯುವ ಹಾಲ್ ಸಂವೇದಕವಿರುವ ದಂಡಗಳಲ್ಲಿ ಉಜ್ಜುವ ಭಾಗವೇ ಇಲ್ಲದ್ದರಿಂದ ಈ ಬಗೆಯ ಸವೆತವೂ ಇಲ್ಲ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ತತ್ತ್ವವೇ ಅವುಗಳಿಗೆ ಆಧಾರ. ಆದರೆ ಅವುಗಳ ಬೆಲೆ ಹೆಚ್ಚು, ಎಲ್ಲ ಹುಡುಗರಿಗೂ ನಿಲುಕುವಂಥದಲ್ಲ.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಮೂವರಿಗೆ ಕರ್ತವ್ಯವುಂಟು. ಆಟವನ್ನು ರಚಿಸುವವರು, ದಂಡದಿಂದ ಬರುವ ಮೂಲ ಅಂಕಿಯನ್ನು ಯಾವ ಸಂಸ್ಕಾರಕ್ಕೂ ಮೊದಲು ಇದ್ದದ್ದಿದ್ದಂತೆ ತೋರಿಸಲಿ, ಒಂದೇ ಚಲನೆಗೆ ಎರಡು ಉಪಕರಣಗಳು ಒಡೆತನ ಹೂಡಿದರೆ ಎಚ್ಚರಿಸಲಿ. ದಂಡವನ್ನು ತಯಾರಿಸುವವರು ಬಿಡಿಭಾಗಗಳನ್ನೂ ಬಿಚ್ಚುವ ಕ್ರಮವನ್ನೂ ಒದಗಿಸಲಿ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಪೋರ್ಟಲೊಂದನ್ನೂ ತೆರೆದುದು ಶ್ಲಾಘ್ಯವೇ. ಆದರೆ ಆ ಹಕ್ಕು ಫೋನಿಗೂ ಟ್ರಾಕ್ಟರಿಗೂ ನಿಲ್ಲದೆ, ಮಗುವಿನ ಮೇಜಿನ ಮೇಲಿನ ಅಗ್ಗದ ಸಾಮಾನಿನವರೆಗೂ ಇಳಿದು ಬರಬೇಕು. ಮೂರನೆಯವರು ನಾವು, ಮನೆಯ ಹಿರಿಯರು. ಹೊಸದನ್ನು ಕೊಡಿಸುವುದು ನಮಗೆ ಸುಲಭ, ಏಕೆಂದರೆ ಅದಕ್ಕೆ ಹಣ ಮಾತ್ರ ಸಾಕು. ಮಗುವಿನ ಪಕ್ಕದಲ್ಲಿ ಕುಳಿತು "ಎಲ್ಲಿ" ಎಂದು ಕೇಳುವುದಕ್ಕೆ ಒಂದು ಮಧ್ಯಾಹ್ನವೇ ಬೇಕಾಗುತ್ತದೆ.

ಹೊಸ ಪೊಟೆನ್ಶಿಯೋಮೀಟರಿನ ಬೆಸುಗೆ ತಣ್ಣಗಾದ ಮೇಲೆ ಹುಡುಗನು ಪುನಃ ಅದೇ ಸೆಸ್ನಾವನ್ನು ಏರಿದನು. ಆಕಾಶದಲ್ಲಿ ಕೈ ತೆಗೆದಾಗ ವಿಮಾನವು ಕೆರೆಯ ಮೇಲಿನ ಹಂಸದಂತೆ ನೆಟ್ಟಗೆ ಸಾಗಿತು. ಇಳಿಸಿ, ಮತ್ತೊಮ್ಮೆ ಹಾರಲೆಂದು ಎಂಜಿನ್ನಿಗೆ ಪೂರ್ಣ ಶಕ್ತಿಯನ್ನು ಕೊಟ್ಟನು. ರನ್‌ವೇಯ ಮೇಲೆ ಮೂಗು ಎಂದಿನಂತೆ ಎಡಕ್ಕೆ ಹೊರಳಿತು. ನಾನು ಬಾಯ್ದೆರೆಯುವಷ್ಟರಲ್ಲಿ ಆತನು ಪರದೆಯಿಂದ ಕಣ್ಣು ಕೀಳದೆ, ರಡ್ಡರಿಗಾಗಿ ದಂಡವನ್ನು ತುಸುವೇ ಬಲಕ್ಕೆ ತಿರುಚಿ ಹಿಡಿದು, "ಇದು ವಿಮಾನದ್ದು ಮಾವ, ಜಾಯ್‌ಸ್ಟಿಕ್ಕಿನದಲ್ಲ" ಎಂದನು.