ಪ್ರಶಸ್ತಿಯ ಅಂಕಗಳು ಗ್ರಾಮಸಭೆಗೂ ತಿಳಿಯಲಿ



ಉತ್ತಮ ಸಾಧನೆ ಮಾಡಿದ ಗ್ರಾಮ ಪಂಚಾಯಿತಿಗಳಿಗೆ ರಾಜ್ಯ ಸರ್ಕಾರ 2013–14ರಿಂದ ಗಾಂಧಿ ಗ್ರಾಮ ಪುರಸ್ಕಾರ ನೀಡುತ್ತಿದೆ. ಪ್ರತಿ ತಾಲ್ಲೂಕಿನ ಒಂದು ಪಂಚಾಯಿತಿಗೆ ₹5 ಲಕ್ಷ ಸಿಗುವ ಈ ಯೋಜನೆ ನಿಜಕ್ಕೂ ಶ್ಲಾಘನೀಯ. ಕಂಪ್ಲಿಯಂಥ ಹೊಸ ತಾಲ್ಲೂಕಿನ ಹಳ್ಳಿಗಳಿಗಂತೂ ಇದು ದೊಡ್ಡ ಉತ್ತೇಜನ.

ಆದರೆ ಆಯ್ಕೆಗಾಗಿ ಪಂಚಾಯಿತಿಗಳು ತುಂಬುವ ಪ್ರಶ್ನಾವಳಿ, ಪಡೆದ ಅಂಕ ಊರಿನವರಿಗೆ ಗೊತ್ತಾಗುವುದು ಅಪರೂಪ. ಅಂಕಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ. ಆ ಅಂಕಗಳು ಸರಿಯೇ ಎಂದು ಊರಿನವರೇ ಹೇಳಬಲ್ಲರು. ಕಸದ ವಾಹನ ಓಣಿ ಓಣಿಗೂ ಬರುತ್ತಿದೆಯೇ, ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಬಾಗಿಲು ಸಂಜೆ ಮಕ್ಕಳು ಶಾಲೆ ಬಿಟ್ಟು ಬರುವ ಹೊತ್ತಿಗೆ ತೆರೆದಿರುತ್ತದೆಯೇ, ಕೊನೆಯ ಮನೆಯ ನಲ್ಲಿಗೂ ನೀರು ಏರುತ್ತದೆಯೇ ಎಂಬುದನ್ನು ಊರಿನ ಹೆಣ್ಣುಮಕ್ಕಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಪುರಸ್ಕಾರ ಪಡೆದ ಪಂಚಾಯಿತಿಗೆ ಮೆಟ್ರಿಯಂಥ ನೆರೆಯ ಊರುಗಳ ಸದಸ್ಯರನ್ನು ಕರೆದೊಯ್ದು ಕೆಲಸ ತೋರಿಸಬೇಕು. ಬಹುಮಾನದ ಹಣ ಎಲ್ಲಿ ಖರ್ಚಾಯಿತೆಂಬ ಲೆಕ್ಕವೂ ಸಭೆಯ ಮುಂದೆ ಬರಲಿ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಈ ಬಗ್ಗೆ ಸ್ಪಷ್ಟ ಸುತ್ತೋಲೆ ಹೊರಡಿಸಬೇಕು.

– ಓರ್ವ ಗ್ರಾಮಸ್ಥ, ಮೆಟ್ರಿ, ಕಂಪ್ಲಿ ತಾಲ್ಲೂಕು