ಚಿಂಟು ಮೊಟ್ಟೆ ಇಟ್ಟ ಕಥೆ

ನಮ್ಮ ಮನೆಯ ಚಿಂಟು ಗಂಡು ಅಂತ ನಾನು ಒಂಬತ್ತು ತಿಂಗಳು ನಂಬಿದ್ದೆ. ಬರೀ ನಂಬಿದ್ದಲ್ಲ, ಅಜ್ಜಿಯ ಹತ್ತಿರ ವಾದ ಮಾಡಿ ಗೆದ್ದೂ ಇದ್ದೆ. ಆ ಗೆಲುವು ಚಿಂಟುವಿನ ಜೀವಕ್ಕೇ ಕುತ್ತು ತರುವುದರಲ್ಲಿತ್ತು.

ಚಿಂಟು ಒಂದು ಬಡ್ಜಿ. ನಮ್ಮ ಕಡೆ ಎಲ್ಲರೂ ಇದನ್ನು ಲವ್ ಬರ್ಡ್ಸ್ ಅಂತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಇದು ಆಸ್ಟ್ರೇಲಿಯಾದ ಪುಟ್ಟ ಗಿಳಿ. ನಮ್ಮ ಮರಗಳಲ್ಲಿ ಕಿರುಚುವ ಹಸಿರು ಗಿಳಿಯಾದರೆ ಗಂಡು-ಹೆಣ್ಣಿನ ತಲೆನೋವೇ ಇಲ್ಲ, ಬೆಳೆದ ಗಂಡಿನ ಕತ್ತಿಗೆ ಉಂಗುರ ಇರುತ್ತೆ, ಹೆಣ್ಣಿಗೆ ಇಲ್ಲ. ಆದರೆ ಅದನ್ನು ಪಂಜರದಲ್ಲಿ ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ ನಮ್ಮಂಥ ಅಪಾರ್ಟ್‌ಮೆಂಟ್ ಜನಕ್ಕೆ ಬಡ್ಜಿಯೇ ಗತಿ.

ಅಂಗಡಿಯವನು ಕೊಡುವಾಗಲೇ "ಗಂಡು ಮೇಡಂ, ಚೆನ್ನಾಗಿ ಮಾತಾಡುತ್ತೆ" ಅಂದಿದ್ದ. ಎರಡು ತಿಂಗಳ ಮರಿಯನ್ನು ನೋಡಿ ಅವನಿಗೆ ಹೇಗೆ ಗೊತ್ತಾಯಿತು ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು. ಬಡ್ಜಿಯ ಕೊಕ್ಕಿನ ಮೇಲೆ, ಮೂಗಿನ ಹೊಳ್ಳೆ ಇರುವ ಕಡೆ ಮೆತ್ತನೆಯ ಒಂದು ಪಟ್ಟಿ ಇರುತ್ತೆ. ಬೆಳೆದ ಗಂಡಿಗೆ ಅದು ನೀಲಿ, ಹೆಣ್ಣಿಗೆ ಬಿಳಿಚಿಕೊಂಡ ಬಣ್ಣ ಅಥವಾ ಕಂದು. ಮರಿಗಳಲ್ಲಿ ಎರಡಕ್ಕೂ ಗುಲಾಬಿ-ನೇರಳೆ ಮಿಶ್ರಣ. ಚಿಂಟುವಿಗೆ ಸ್ವಲ್ಪ ದಿನದಲ್ಲಿ ತೆಳು ನೀಲಿ ಬಂತು, ನಾನು ಫೋಟೋ ತೆಗೆದು ಅಮ್ಮನಿಗೆ ಕಳಿಸಿ "ನೋಡು, ಗಂಡೇ" ಅಂದೆ. ಹೊಳ್ಳೆಯ ಸುತ್ತ ಒಂದು ಬಿಳಿ ಉಂಗುರ ಇದ್ದಿದ್ದು ಅದೇ ಫೋಟೋದಲ್ಲಿ ಈಗಲೂ ಕಾಣುತ್ತೆ. ಹೆಣ್ಣುಮರಿಗೂ ಹೀಗೆ ತೆಳು ನೀಲಿ ಬರುತ್ತೆ, ಆ ಬಿಳಿ ಉಂಗುರವೇ ಅದರ ಗುರುತು. ನಾನು ನೀಲಿ ಮಾತ್ರ ನೋಡಿದ್ದೆ.

ಆಮೇಲೆ ಮಾತು ಕಲಿಸುವ ಪರ್ವ. ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿಗೆ ಮುಂಚೆ ಹತ್ತು ನಿಮಿಷ "ಚಿಂಟು, ನಮಸ್ಕಾರ", "ಚಿಂಟು, ಊಟ ಆಯ್ತಾ". ನಾಲ್ಕು ತಿಂಗಳಾದರೂ ಒಂದಕ್ಷರ ಹೊರಡಲಿಲ್ಲ. ಬದಲಿಗೆ ಕ್ಯಾಲೆಂಡರಿನ ಅಂಚು ಹರಿಯೋದು, ನನ್ನ ಹೆಡ್‌ಫೋನಿನ ಸ್ಪಂಜು ಕಿತ್ತು ಉದುರಿಸೋದು, ಬೆರಳು ಕೊಟ್ಟರೆ ರಕ್ತ ಬರುವ ಹಾಗೆ ಕಚ್ಚೋದು. ಗಂಡು ಹುಡುಗ, ತುಂಟ ಅಂತ ನಾನು ಮನೆಯವರಿಗೆಲ್ಲ ಸಮಜಾಯಿಷಿ ಕೊಡುತ್ತಿದ್ದೆ.

ಆಗ ತೀರ್ಥಹಳ್ಳಿಯಿಂದ ಅಜ್ಜಿ ಬಂದರು, ಕಣ್ಣಿನ ಪೊರೆ ತೆಗೆಸೋಕೆ. ಆಪರೇಷನ್ ಆದ ಮೇಲೆ ಟಿವಿ ನೋಡಬಾರದು, ಓದಬಾರದು ಅಂತ ನಾವೇ ಕಟ್ಟುನಿಟ್ಟು ಮಾಡಿದ್ದೆವು. ಅವರು ಕಪ್ಪು ಕನ್ನಡಕ ಹಾಕಿಕೊಂಡು ಪಂಜರದ ಎದುರು ಕುರ್ಚಿ ಹಾಕಿ ಕೂತರು. ಮೂರನೇ ದಿನ ನನ್ನ ಕರೆದು ಹೇಳಿದರು: "ಇದು ಹೆಣ್ಣು ಕಣೇ."

"ಹೇಗೆ ಹೇಳ್ತೀರಿ ಅಜ್ಜಿ?"

"ಬೆಳಿಗ್ಗೆಯಿಂದ ನೋಡ್ತಿದೀನಿ, ನಿನ್ನ ಪುಸ್ತಕದ ಕಪಾಟಿನ ಸಂದೀಲಿ ಹೊಕ್ಕಿ ಹೊಕ್ಕಿ ಬರ್ತದೆ. ಹೇಂಟೆ ಮೊಟ್ಟೆ ಇಡೋಕೆ ಮುಂಚೆ ಹೀಗೇ ಮೂಲೆ ಹುಡುಕೋದು."

ನಾನು ನಕ್ಕೆ. ಕೋಳಿಗೂ ಬಡ್ಜಿಗೂ ಎಲ್ಲಿಯ ಹೋಲಿಕೆ, ಅಜ್ಜಿ? ಮೂಗಿನ ಬಣ್ಣದ ಶಾಸ್ತ್ರ ವಿವರಿಸಿದೆ. ಅವರು "ಇರಬಹುದು ಮಾರಾಯ್ತಿ, ನೀನು ಓದಿದವಳು" ಅಂತ ಸುಮ್ಮನಾದರು. ಇದೇ ನಾನು ಗೆದ್ದ ವಾದ.

ಮುಂದಿನ ತಿಂಗಳು ಚಿಂಟುವಿನ ಮೂಗು ಕಂದಾಗುತ್ತಾ ಬಂತು, ಒಣಗಿದ ಹೊಪ್ಪಳೆಯ ಥರ. ನಾನು ರಾತ್ರಿ ಕೂತು ಹುಡುಕಿದೆ. ಗಂಡು ಬಡ್ಜಿಯ ನೀಲಿ ಮೂಗು ಕಂದಾದರೆ ವೃಷಣದಲ್ಲಿ ಗೆಡ್ಡೆ ಇರಬಹುದು ಅಂತ ಓದಿ ಎದೆ ಧಸಕ್ಕೆಂದಿತು. ಇದು ಸುಳ್ಳಲ್ಲ, ನಿಜವಾದ ಲಕ್ಷಣವೇ. ಚಿಂಟುವಿಗೆ ಕ್ಯಾನ್ಸರ್ ಅಂತ ಬಾತ್‌ರೂಮಿನಲ್ಲಿ ಅತ್ತಿದ್ದೇನೆ. "ಗಂಡು" ಅನ್ನೋ ಮೊದಲ ಸಾಲೇ ತಪ್ಪಿರಬಹುದು ಅಂತ ತಲೆಗೆ ಹೊಳೆಯಲಿಲ್ಲ. ದಿನವಿಡೀ ಬೇರೆಯವರ ಕೋಡಿನಲ್ಲಿ ಇಂಥದ್ದನ್ನೇ ಹುಡುಕಿ ಕೊಟ್ಟು ಸಂಬಳ ತಗೊಳ್ಳುವವಳು ನಾನು.

ವಾರ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಚಿಂಟು ಪಂಜರದ ತಳದಲ್ಲಿ ಕೂತಿತ್ತು. ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಹಿಂದಿನ ಎರಡು ದಿನ ಹಿಕ್ಕೆ ದೊಡ್ಡದಾಗಿ ಬಿದ್ದು ವಾಸನೆ ಬರುತ್ತಿತ್ತು, ಹೊಟ್ಟೆ ಕೆಟ್ಟಿದೆ ಅಂದುಕೊಂಡಿದ್ದೆ. ಅಜ್ಜಿ ಬಂದು ಬಗ್ಗಿ ನೋಡಿ "ಮೊಟ್ಟೆ ಸಿಕ್ಕಿಹಾಕ್ಕೊಂಡಿದೆ, ಹರಳೆಣ್ಣೆ ಹಚ್ಚಿ ಮೆತ್ತಗೆ ಒತ್ತೋಣ" ಅಂದರು. ಪುಣ್ಯಕ್ಕೆ ಅವರ ರೋಗಪತ್ತೆ ಒಪ್ಪಿದೆ, ಚಿಕಿತ್ಸೆ ಒಪ್ಪಲಿಲ್ಲ. ಒತ್ತಿದರೆ ಮೊಟ್ಟೆ ಒಳಗೇ ಒಡೆದು ಹಕ್ಕಿ ಸಾಯಬಹುದು ಅಂತ ಆಮೇಲೆ ಡಾಕ್ಟರ್ ಹೇಳಿದರು. ಟವೆಲ್ ಹಾಸಿದ ಡಬ್ಬಿಯಲ್ಲಿಟ್ಟು, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಟ್ಟುಕೊಂಡು, ಹಕ್ಕಿ ನೋಡುವ ವೈದ್ಯರ ಹತ್ತಿರ ಓಡಿದೆವು.

ಎಕ್ಸ್‌ರೇಯಲ್ಲಿ ಅಡಿಕೆಗಿಂತ ಸಣ್ಣ ಒಂದು ಬಿಳಿ ಉರುಟು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಕ್ಯಾಲ್ಸಿಯಂ ಏನು ಕೊಡ್ತಿದ್ರಿ?" ಬರೀ ನವಣೆ ಕೊಡುತ್ತಿದ್ದೆ. ಪಂಜರಕ್ಕೆ ಕಟ್ಟುವ ಕಟಲ್‌ಬೋನ್ ಅಂಗಡಿಯಲ್ಲಿ ನೋಡಿದ್ದೆ, ಅದು ಮೊಟ್ಟೆ ಇಡುವ ಹೆಣ್ಣಿಗೆ ತಾನೇ ಅಂತ ಬಿಟ್ಟಿದ್ದೆ. ಗಂಡಿಗೂ ಬೇಕು, ಹೆಣ್ಣಿಗಂತೂ ಅದಿಲ್ಲದಿದ್ದರೆ ಮೊಟ್ಟೆಯನ್ನು ಹೊರಗೆ ತಳ್ಳುವ ಸ್ನಾಯುವಿಗೇ ಶಕ್ತಿ ಇರೋದಿಲ್ಲ.

ಇಂಜೆಕ್ಷನ್ ಆಯಿತು, ಬೆಚ್ಚಗಿನ ತೇವದ ಪೆಟ್ಟಿಗೆಯಲ್ಲಿಟ್ಟರು. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು, ಮೊಟ್ಟೆ ಬಂದಿದೆ, ಹಕ್ಕಿ ಕಾಳು ತಿಂತಿದೆ ಅಂತ. ಅಜ್ಜಿ ಎಚ್ಚರವಾಗೇ ಇದ್ದರು. "ನಾನು ಹೇಳಿರಲಿಲ್ವಾ" ಅನ್ನೋ ಮಾತು ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಗಂಡಿಲ್ಲದೆ ಮೊಟ್ಟೆ ಹೇಗೆ ಅಂತ ಆಫೀಸಿನಲ್ಲಿ ಎಲ್ಲರೂ ಕೇಳಿದರು. ನಾವು ಅಂಗಡಿಯಿಂದ ತರುವ ಕೋಳಿಮೊಟ್ಟೆಯೂ ಹಾಗೇ ಅಲ್ವಾ? ಮರಿಯಾಗೋದಿಲ್ಲ ಅಷ್ಟೇ. ಮೊಟ್ಟೆಗೆ ಕರೆಯೋಲೆ ಕೊಟ್ಟಿದ್ದು ನಾನೇ. ಅಮೆರಿಕದ ಕಾಲ್‌ಗಳಿಗಾಗಿ ರಾತ್ರಿ ಹನ್ನೆರಡರ ತನಕ ಲೈಟ್ ಉರಿಸುತ್ತಿದ್ದೆ. ದೀರ್ಘ ಹಗಲು, ಹೊಟ್ಟೆತುಂಬ ಕಾಳು, ನುಗ್ಗೋಕೆ ಕತ್ತಲೆಯ ಸಂದು, ಇಷ್ಟು ಸಿಕ್ಕರೆ ಹೆಣ್ಣುಹಕ್ಕಿಗೆ ಸಂಸಾರದ ಕಾಲ ಬಂತು ಅನ್ನಿಸುತ್ತೆ. ಈಗ ಸಂಜೆ ಏಳಕ್ಕೆ ಪಂಜರಕ್ಕೆ ಬಟ್ಟೆ ಮುಚ್ಚುತ್ತೇನೆ, ಕಪಾಟಿನ ಸಂದಿಗೆ ರಟ್ಟು ಹಾಕಿದ್ದೇನೆ. ದಿನ ಬಿಟ್ಟು ದಿನ ಇನ್ನೂ ಮೂರು ಮೊಟ್ಟೆ ಇಟ್ಟಿತು, ತೆಗೆಯಲಿಲ್ಲ. ತೆಗೆದರೆ ಲೆಕ್ಕ ತುಂಬಿಸೋಕೆ ಮತ್ತೆ ಇಡುತ್ತಂತೆ. ಮೂರು ವಾರ ಕಾವು ಕೂತು, ಬೇಜಾರಾಗಿ ತಾನೇ ಎದ್ದು ಬಂತು.

ಕೆಳಗಿನ ಮನೆಯ ಆಂಟಿಯ ಬಡ್ಜಿ ನೋಡಿದ ಮೇಲೆ ನನಗೆ ವ್ಯತ್ಯಾಸ ಇನ್ನೂ ಸ್ಪಷ್ಟವಾಯಿತು. ಅದು ಗಂಡು, ಗಾಢ ನೀಲಿ ಮೂಗು. ಗಂಟೆಗಟ್ಟಲೆ ಒಂದೇ ಉಸಿರಿನಲ್ಲಿ ಗುನುಗುತ್ತೆ, ತಲೆ ಮೇಲೆ ಕೆಳಗೆ ಕುಣಿಸುತ್ತೆ, ಗಂಟೆಗೆ ಕೊಕ್ಕಿನಿಂದ ಟಕಟಕ ಬಡಿದು, ತಿಂದ ಕಾಳನ್ನು ಕಕ್ಕಿ ಕನ್ನಡಿಗೆ ಉಣಿಸುತ್ತೆ. ಚಿಂಟುವಿನದು ಚಿಕ್ಕ ಚಿಕ್ಕ ಗದರಿಕೆ, ಅದೂ ಕೆಲಸವಿದ್ದರೆ. ಆದರೆ ಇದನ್ನೇ ನಂಬಿ ಕೂರಬೇಡಿ. ತಲೆ ಕುಣಿಸುವ ಹೆಣ್ಣೂ ಉಂಟು, ಎರಡು ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ಒಂದಕ್ಕೊಂದು ಉಣಿಸಿ ದಂಪತಿಯ ಹಾಗೇ ಇರುತ್ತವೆ. ಪೂರ್ತಿ ಬಿಳಿ, ಪೂರ್ತಿ ಹಳದಿ ಬಡ್ಜಿಯಲ್ಲಿ ಮೂಗೂ ಕೈಕೊಡುತ್ತೆ, ಬೆಳೆದ ಗಂಡಿಗೂ ಗುಲಾಬಿಯೇ ಉಳಿಯುತ್ತೆ. ಖಚಿತ ಬೇಕಾದರೆ ಪುಕ್ಕ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಬಹುದು. ಅಲ್ಲಿಯವರೆಗೆ ಹೆಣ್ಣೇ ಇರಬಹುದು ಅಂದುಕೊಂಡು ಕ್ಯಾಲ್ಸಿಯಂ ಕೊಡಿ, ನಷ್ಟವಿಲ್ಲ.

ಹೆಸರು ಬದಲಾಯಿಸಲಿಲ್ಲ. ಅಜ್ಜಿ ಮಾತ್ರ ಊರಿಂದ ಫೋನ್ ಮಾಡಿದಾಗ "ಚಿಂಟಕ್ಕ ಹೇಗಿದಾಳೆ?" ಅಂತ ಕೇಳುತ್ತಾರೆ. ಮೊನ್ನೆ ಆಂಟಿ ಇನ್ನೊಂದು ಮರಿ ತಂದು, ಗಂಡೋ ಹೆಣ್ಣೋ ಹೇಳು ಅಂದರು. ನಾನು ವಿಡಿಯೋ ಮಾಡಿ ಊರಿಗೆ ಕಳಿಸಿದೆ. ರಾತ್ರಿ ಉತ್ತರ ಬಂತು, ಅಜ್ಜಿಯ ದನಿಯಲ್ಲಿ: "ಇನ್ನೂ ಮರಿ ಅದು. ಆರು ತಿಂಗಳು ಸುಮ್ನೆ ನೋಡ್ತಾ ಇರೋಕೆ ಹೇಳು."